ಮಂಜಿಯ ಮೇಲಿದ್ದ ಕಾರು

ಐತಾಳರ ಕಾರಿಗೆ ವಿಮೆ ಸಿಗದಂತೆ ಮಾಡಿದವನು ನಾನು. ನಾಗ ತಂಡೇಲನಲ್ಲ. ಇಷ್ಟು ಹೇಳಲು ನನಗೆ ಮೂವತ್ತು ವರ್ಷ ಬೇಕಾಯಿತು — ಆ ಮೂವತ್ತು ವರ್ಷವೂ ಗಂಗೊಳ್ಳಿಯ ಜನ ನನ್ನನ್ನು ಒಳ್ಳೆಯ ಮನುಷ್ಯ ಎನ್ನುತ್ತಿದ್ದರು. ಕೇಳಿದಾಗಲೆಲ್ಲ ಮೈ ಉರಿಯುತ್ತಿತ್ತು.

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷದ ಮಾತು. ಬಂದರಿನಲ್ಲಿ ಒಬ್ಬ ಏಜೆಂಟರ ಕಚೇರಿಯಲ್ಲಿ ನಾನು ಗುಮಾಸ್ತ. ಇಂಗ್ಲಿಷ್ ಓದಬಲ್ಲವನು ಅಲ್ಲಿ ನಾನೊಬ್ಬನೇ — ಆ ಜಂಬ ಬೇರೆ. ಕೋಟದ ಶ್ರೀನಿವಾಸ ಐತಾಳರು ಮುಂಬಯಿಯ ಹೋಟೆಲುಗಳಲ್ಲಿ ಇಪ್ಪತ್ತು ವರ್ಷ ಒಲೆಯ ಮುಂದೆ ಬೆಂದು, ಅಲ್ಲೇ ಒಂದು ಹಳೆಯ ಕಾರು ಕೊಂಡು, ಅದನ್ನು ಅಲ್ಲಿಯೇ ಬಿಟ್ಟು ತಾವು ಮೊದಲು ಊರಿಗೆ ಬಂದಿದ್ದರು. ಕುಂದಾಪುರದಿಂದ ವಂಡ್ಸೆ, ಕೊಲ್ಲೂರಿಗೆ ಅದನ್ನು ಬಾಡಿಗೆಗೆ ಓಡಿಸಿ ಬದುಕಬೇಕೆಂದಿದ್ದರು. ಇನ್ನು ಆ ಹೊಗೆಗೆ ಮರಳುವುದಿಲ್ಲವೆಂದು ಹೆಂಡತಿಗೆ ಮಾತು ಕೊಟ್ಟಿದ್ದರಂತೆ. ನಾಗ ತಂಡೇಲ ನಡೆಸುತ್ತಿದ್ದ ಮಂಜಿ, ಎಂದರೆ ದೊಡ್ಡ ಹಾಯಿಹಡಗು, ಹಂಚು ಹೇರಿಕೊಂಡು ಮುಂಬಯಿಗೆ ಹೊರಡುವುದರಲ್ಲಿತ್ತು. ಬರುವಾಗ ಕಾರು ತರುವುದೆಂದು ಮಾತಾಯಿತು.

ವಿಮೆಯ ಫಾರಂ ತುಂಬುವ ಕೆಲಸ ನನ್ನದು. ಐತಾಳರು ಖಾಲಿ ಫಾರಮಿಗೆ ರುಜು ಹಾಕಿ ಚಹಾ ಕುಡಿಯಲು ಹೋದರು. ಬಂದರಿನಲ್ಲಿ ಎಲ್ಲರೂ ಹಾಗೆಯೇ — ರುಜು ಮೊದಲು, ಬರಹ ಆಮೇಲೆ, ಎಲ್ಲ ಗುಮಾಸ್ತನ ಮೇಲಿನ ನಂಬಿಕೆ. ಕಾರನ್ನು ಎಲ್ಲಿಡುತ್ತೀರಿ, ಮಂಜಿಯ ಹೊಟ್ಟೆಯೊಳಗೋ ಮೇಲೋ ಎಂದು ಫಾರಂ ಕೇಳಿತ್ತು. ಎದುರಿಗೇ ನಿಂತಿದ್ದ ತಂಡೇಲ ಸ್ಪಷ್ಟವಾಗಿ ಹೇಳಿದ.

“ಕಾರ್ ಒಳ್ಗೆ ಹಿಡಿತಿಲ್ಲೆ ಅಯ್ಯ. ಮೇಲೇ ಕಟ್ಕಂಡ್ ಬಪ್ದ್. ಹಾಂಗೇ ಬರ್ಕಣಿ.”

ಮೇಲೆ ಎಂದು ಬರೆದರೆ ಕಂಪೆನಿಯ ಬೇರೆ ಒಪ್ಪಿಗೆ ಬೇಕು. ಮಂಗಳೂರಿಗೆ ಬರೆಯಬೇಕು, ಕಾಯಬೇಕು. ಮಳೆಗಾಲಕ್ಕೆ ಮುಂಚಿನ ಕೊನೆಯ ಪಯಣ ಅದು. ಐತಾಳರು ದಿನಕ್ಕೆರಡು ಸಲ ಬಂದು ನನ್ನ ತಲೆ ತಿನ್ನುತ್ತಿದ್ದರು. ‘ಒಳಗೆ’ ಎಂದು ಬರೆದುಬಿಟ್ಟೆ. ಏನೂ ಆಗಲಿಕ್ಕಿಲ್ಲ ಎಂದುಕೊಂಡೆ — ಇಲ್ಲ, ಅದೂ ಸುಳ್ಳು. ನಾನು ಏನನ್ನೂ ಅಂದುಕೊಳ್ಳಲಿಲ್ಲ. ಆ ಹಾಳು ಫಾರಂ ಮುಗಿದರೆ ಸಾಕಾಗಿತ್ತು.

ಮರಳುವಾಗ ಬೈಂದೂರಿನ ಎದುರು ಗಾಳಿ ಎದ್ದಿತು. ಮೇಲಿನ ಭಾರಕ್ಕೆ ಮಂಜಿ ಒಂದೇ ಕಡೆ ವಾಲತೊಡಗಿದಾಗ ತಂಡೇಲ ಹಗ್ಗ ಕಡಿಸಿ ಕಾರನ್ನು ನೀರಿಗೆ ನೂಕಿಸಿದ. ಜೊತೆಗಿದ್ದವರೆಲ್ಲ ಜೀವಸಹಿತ ಮನೆ ಸೇರಿದರು. ವಿಚಾರಣೆಗೆ ಬಂದ ಕಂಪೆನಿಯವನು ಕಾರು ಎಲ್ಲಿತ್ತು ಎಂದು ಕೇಳಿದ. ತಂಡೇಲ ಮೇಲಿತ್ತು ಎಂದ. ಫಾರಮಿನಲ್ಲಿ ಒಳಗೆ ಎಂದಿದೆ, ವಿಮೆ ಸಲ್ಲದು ಎಂದು ಕಂಪೆನಿ ಬರೆಯಿತು. ಅದರಲ್ಲಿ ಅವರ ತಪ್ಪೇನೂ ಇರಲಿಲ್ಲ.

ಆ ಕಾಗದ ಹಿಡಿದು ಐತಾಳರು ಕಚೇರಿಗೆ ಬಂದರು. ತಂಡೇಲ ಅಲ್ಲಿರಲಿಲ್ಲ.

“ಎಂತ ಮಾರಾಯ್ರೆ, ಒಳ್ಗೇ ಇಡ್ತೆ ಅಂದ್ ಅವ ಹೇಳಿದ್ನಾ?”

ಆಗಲಾದರೂ — ಒಂದು ಮಾತು ಸಾಕಿತ್ತು.

“ಹೌದ್. ಹಾಂಗೇ ಹೇಳಿದ್ದ” ಎಂದೆ.

ಐತಾಳರು ಮಾತಿಗೆ ತಪ್ಪಿ ಮತ್ತೆ ಮುಂಬಯಿಯ ಒಲೆಗೆ ಹೋದರು. ಹೋಗುವ ಮುಂಚೆ ಮಂಜಿಯ ಯಜಮಾನರಲ್ಲಿ ಎಲ್ಲ ಹೇಳಿಯೇ ಹೋದರು. ಸುಳ್ಳು ಹೇಳಿ ಸರಕು ಮುಳುಗಿಸಿದವನೆಂದು ಯಜಮಾನರು ತಂಡೇಲನನ್ನು ಮಂಜಿಯಿಂದ ಇಳಿಸಿದರು. ಬೇರೆ ಯಾರೂ ಹತ್ತಿಸಿಕೊಳ್ಳಲಿಲ್ಲ. ಅಷ್ಟು ಜನರನ್ನು ಬದುಕಿಸಿ ತಂದವನು ದಡದಲ್ಲಿ ಕುಳಿತು ಕಂಡವರ ಬಲೆ ಹೆಣೆಯತೊಡಗಿದ.

ಒಂದು ದಿನ ಅವನು ನನ್ನ ಮನೆಗೆ ಬಂದ. ಬೈಯಲು ಬಂದಿದ್ದಾನೆಂದುಕೊಂಡೆ. ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು.

“ನಾ ಅವತ್ತ್ ಹೇಳದ್ ನಿಮ್ಗ್ ಮರ್ತ್ ಹೋಯಿರ್ಕ್ ಅಯ್ಯ. ಹೋಯ್ಲಿ. ನಾ ಸುಳ್ಳ್ ಹೇಳ್ಲಿಲ್ಲೆ ಅಂದ್ ಐತಾಳ್ರಿಗೊಂದ್ ಕಾಗ್ದ ಬರ್ದ್ ಕೊಡ್ನಿ.”

ಬರೆದೆ. ಅವನು ಹೇಳಿದ್ದನ್ನೆಲ್ಲ, ಒಂದಕ್ಷರ ಬಿಡದೆ, ನನ್ನ ಮುದ್ದಾದ ಕೈಬರಹದಲ್ಲಿ ಬರೆದೆ. ನಾನೇ ಅಂಚೆಗೆ ಹಾಕುತ್ತೇನೆ ಎಂದೆ. ಹಾಕಲಿಲ್ಲ.

ಅದಾದ ಮೇಲೆ ದಾರಿಯಲ್ಲಿ ಸಿಕ್ಕಾಗಲೆಲ್ಲ ಕೇಳುತ್ತಿದ್ದ, ಉತ್ತರ ಬಂತೇ ಎಂದು. ಇಲ್ಲ ಎನ್ನುತ್ತಿದ್ದೆ — ಆ ಮಾತೊಂದು ನಿಜವಿತ್ತಲ್ಲ, ಎಂಥ ನೀಚ ಸಮಾಧಾನ. ಎರಡು ಮೂರು ವರ್ಷದ ಮೇಲೆ ಅವನು ಕೇಳುವುದನ್ನು ಬಿಟ್ಟ. ನಿಮ್ಮೆದುರು ಯಾವುದನ್ನು ಮುಚ್ಚಿಟ್ಟರೂ ಇದನ್ನು ಮುಚ್ಚಿಡಲಾರೆ: ಅವನು ಕೇಳುವುದನ್ನು ಬಿಟ್ಟಾಗ ನನಗೆ ಹಾಯೆನಿಸಿತು.

ತಂಡೇಲ ಹೋದ ವರ್ಷ ತೀರಿಕೊಂಡ. ಐತಾಳರು ಈಗ ಕೋಟದಲ್ಲಿದ್ದಾರೆ; ಕಣ್ಣು ಮಂಜಾಗಿದೆಯಂತೆ. ನಾಳೆ ಹೋಗಿ, ಇಷ್ಟು ವರ್ಷ ನನ್ನಲ್ಲೇ ಉಳಿದ ತಂಡೇಲನ ಆ ಕಾಗದವನ್ನು ಅವರಿಗೆ ನಾನೇ ಓದಿ ಹೇಳುತ್ತೇನೆ, ಯಾಕೆ ತಲುಪಲಿಲ್ಲ ಎನ್ನುವುದನ್ನೂ. ಅವರು ಉತ್ತರವಾಗಿ ಏನಾದರೂ ಹೇಳಿಯಾರು. ಅದನ್ನು ಯಾರಿಗೆ ತಂದು ಮುಟ್ಟಿಸಲಿ?