ಸ್ಟೋರ್ ರುದ್ರಯ್ಯನವರ ಚೀಟಿಗಳು

ಸಿನಿಮಾ ಶುರುವಾಗುವ ಹೊತ್ತಿಗೆ ಎದ್ದು ಮನೆಗೆ ಹೋಗುವ ಮನುಷ್ಯರನ್ನು ನಾನು ಕಂಡದ್ದು ಒಬ್ಬರನ್ನೇ. ದುಡ್ಡು ಕೊಟ್ಟು ಟಿಕೀಟು ತೆಗೆದುಕೊಂಡು, ಬಾಗಿಲು ತೆರೆಯುವ ಮುಂಚೆಯೇ ಬಂದು ನಿಂತು, ಎಲ್ಲರಿಗಿಂತ ಮೊದಲು ಒಳಗೆ ಹೋಗಿ ಕೂರುತ್ತಿದ್ದರು. ಕಥೆಯ ಚಿತ್ರಕ್ಕೆ ಮುಂಚೆ ಹತ್ತು ನಿಮಿಷ ತೋರಿಸುತ್ತಿದ್ದ ಸಾಕ್ಷ್ಯಚಿತ್ರವನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಆಮೇಲೆ ನಾಯಕನ ಹೆಸರು ಪರದೆಯ ಮೇಲೆ ಬಂದು ಜನ ಶಿಳ್ಳೆ ಹೊಡೆಯುವಾಗ, ಕರಿ ಟೋಪಿ ಸರಿಮಾಡಿಕೊಂಡು, ಯಾರ ಕಾಲೂ ತುಳಿಯದ ಹಾಗೆ ಸಾಲಿನಿಂದ ಸರಿದು ಹೊರಟುಬಿಡುತ್ತಿದ್ದರು. “ಎಲೆ ಮುಂದೆ ಕೂತು ಉಪ್ಪಿನಕಾಯಿ ನೆಕ್ಕಿ ಎದ್ದೋಗೋ ಗಿರಾಕಿ ಇವ್ರು” ಎಂದು ಟಾಕೀಸಿನ ಗೇಟಿನವನು ನಗುತ್ತಿದ್ದ.

ಅವರೇ ನಮ್ಮ ಕಾರ್ಖಾನೆಯ ಸ್ಟೋರ್ ಕೀಪರ್ ರುದ್ರಯ್ಯನವರು. ರಾಜಾಜಿನಗರ ಆಗಿನ್ನೂ ಊರಾಗಿರಲಿಲ್ಲ; ಸೈಟಿನ ಕಲ್ಲುಗಳು, ಅವುಗಳ ನಡುವೆ ಲಂಟಾನದ ಪೊದೆ, ಅಲ್ಲೊಂದು ಇಲ್ಲೊಂದು ಹೊಸ ಶೆಡ್ಡು. ಅಂಥ ಒಂದು ಶೆಡ್ಡಿನಲ್ಲಿ ನಾವು ನೀರೆತ್ತುವ ಪಂಪಿನ ಬಿಡಿಭಾಗ ಮಾಡುತ್ತಿದ್ದೆವು. ನಾನು ಫಿಟ್ಟರ್, ಇಪ್ಪತ್ತಮೂರರ ಪ್ರಾಯ, ನನ್ನಷ್ಟು ಬುದ್ಧಿವಂತ ಇನ್ನೊಬ್ಬನಿಲ್ಲ ಎಂದುಕೊಂಡಿದ್ದವನು. ರುದ್ರಯ್ಯನವರ ಮನೆ ಕೆಂಗೇರಿಯಲ್ಲಿ. ಸಂಜೆಯ ಕೊನೆಯ ರೈಲು ತಪ್ಪಿದರೆ ಮನೆ ಸೇರುವ ದಾರಿಯಿಲ್ಲ. ಅದಕ್ಕೇ ಅವರಿಗೆ ಕಥೆಯ ಚಿತ್ರ ದಕ್ಕುತ್ತಿರಲಿಲ್ಲ. ದಕ್ಕಿಸಿಕೊಳ್ಳುವ ಆಸೆಯೂ ಇದ್ದಂತಿರಲಿಲ್ಲ.

ಸ್ಟೋರಿನ ಕಿಟಕಿಯ ಹಿಂದೆ ಅವರದೊಂದು ಸಂಸ್ಥಾನ. ಒಂದು ಬೋಲ್ಟು ಬೇಕಾದರೂ ಚೀಟಿ, ವಾಪಸು ಮಾಡಿದರೂ ಚೀಟಿ. ಪೆಟ್ಟಿಗೆ ಬಂದರೆ ಬಿಚ್ಚಿ, ಪ್ರತಿಯೊಂದನ್ನೂ ಬೆಳಕಿಗೆ ಹಿಡಿದು ನೋಡಿದ ಮೇಲೆಯೇ ರುಜು. “ಕಣ್ಣಲ್ಲಿ ಕಾಣದ್ದಕ್ಕೆ ಕೈಲಿ ಸೈನ್ ಹಾಕ್ಬಾರ್ದು ಕಣಯ್ಯ” ಎನ್ನುವುದು ಅವರ ಮಂತ್ರ. ಬರೆದದ್ದು ತಪ್ಪಾದರೆ ಅಳಿಸುವಂತಿರಲಿಲ್ಲ, ಗೀಚಿ ಮುಚ್ಚುವಂತೆಯೂ ಇರಲಿಲ್ಲ. “ಒಂದೇ ಗೆರೆ ಎಳಿ. ಕೆಳಗಿರೋದು ಓದೋಕೆ ಆಗ್ಬೇಕು. ಸರಿಯಾದ್ದು ಮೇಲೆ ಬರಿ, ಪಕ್ಕದಲ್ಲಿ ಸೈನ್ ಹಾಕು” ಎನ್ನುತ್ತಿದ್ದರು.

ಇದೇ ಚೀಟಿಯಲ್ಲೇ ಅವರು ನಮಗೆ ಸಾಕ್ಷ್ಯಚಿತ್ರಗಳನ್ನೂ ಹಂಚುತ್ತಿದ್ದರು. ಡ್ರಿಲ್ ಬಿಟ್ ಕೇಳಲು ಹೋದರೆ ಬಿಟ್ಟಿನ ಜೊತೆ ಒಂದು ಚೀಟಿ ಕೈಗೆ ಬರುತ್ತಿತ್ತು. ‘ವಿಷಯ: ಜೇನು ಸಾಕುವುದು. ಎಲ್ಲಿ: ಗಾಂಧಿನಗರದ ಟಾಕೀಸು. ಯಾವತ್ತಿನವರೆಗೆ: ಗುರುವಾರ. ಯಾಕೆ ನೋಡಬೇಕು: ರಾಣಿಹುಳು ಚೆನ್ನಾಗಿ ಕಾಣಿಸುತ್ತದೆ.’ ಅದರ ಕೆಳಗೆ ‘ನೋಡಿದವರ ವರದಿ’ ಎಂದು ಎರಡು ಗೆರೆ ಜಾಗ, ರುಜುವಿಗೆ ಚೌಕ. ನೋಡಿ, ಬರೆದು, ವಾಪಸು ಮಾಡಬೇಕು. ಯಾರಿಗೆ ಯಾವುದು ಒಗ್ಗುತ್ತದೆಂದು ಯೋಚಿಸಿಯೇ ಕೊಡುತ್ತಿದ್ದರು. ಕ್ಯಾಂಟೀನಿನ ಭಟ್ಟರಿಗೆ ಉಪ್ಪು ತೆಗೆಯುವ ಮಡಿಗಳದ್ದು. ಅತ್ತೆಯ ಕಾಟದಿಂದ ಸೊರಗಿದ್ದ ವಾಚ್‌ಮನ್‌ಗೆ ಹಾವಿನ ವಿಷ ತೆಗೆಯುವುದು. ನನಗೆ ಗಡಿಯಾರ ರಿಪೇರಿಯದು. “ನಿಂಗೆ ಕೈ ಚುರುಕು, ತಲೆ ಅವಸರ. ಅದನ್ನ ನೋಡ್ಕೊಂಡ್ ಬಾ” ಎಂದಿದ್ದರು.

ನಾವೆಲ್ಲ ‘ಸರ್ಕಾರಿ ರೀಲು’ ಎಂದು ಮೂಗು ಮುರಿಯುತ್ತಿದ್ದ ಆ ಚಿತ್ರಗಳಲ್ಲಿ ಅವರು ಒಳ್ಳೆಯದು ಕೆಟ್ಟದ್ದು ಆರಿಸುತ್ತಿದ್ದ ಪರಿಯೇ ಬೇರೆ. “ಹಿಂದಿನಿಂದ ಮಾತಾಡೋನು ಉಸಿರು ಬಿಡದೆ ಮಾತಾಡಿದ್ರೆ ಆ ಚಿತ್ರದಲ್ಲಿ ಹುರುಳಿಲ್ಲ ಅಂತ ತಿಳ್ಕೊ. ಕೆಲಸ ಮಾಡೋ ಕೈ ತೋರಿಸಿದ್ರೆ ಒಳ್ಳೇದು. ಉದ್ಘಾಟನೆಗೆ ಟೇಪು ಕತ್ತರಿಸೋ ಕೈ ತೋರಿಸಿದ್ರೆ ಎದ್ದು ಬಾ.” ಯಾವ ವಾರ ಎಲ್ಲಿ ಯಾವುದು ಎಂಬುದನ್ನು ಪತ್ತೆ ಮಾಡಲು ಗೇಟಿನವರಿಗೆಲ್ಲ ಕಾರ್ಡು ಬರೆಯುತ್ತಿದ್ದರು, ಚಿತ್ರ ಓಡಿಸುವ ಆಪರೇಟರುಗಳಿಗೆ ಬೀಡಿ ಕಟ್ಟು ಕೊಡುತ್ತಿದ್ದರು. ಪೇಟೆಯ ಯಾವ ಟಾಕೀಸಿನ ರೀಲು ಎಷ್ಟು ತಿಂಗಳಿಗೆ ಯಾವ ಊರಿನ ಟೆಂಟ್ ಸಿನಿಮಾದ ಡೇರೆಗೆ ಬಂದು ಸೇರುತ್ತದೆಂಬ ಲೆಕ್ಕ ಅವರ ಬಾಯಲ್ಲೇ ಇತ್ತು. ಒಬ್ಬರ ಕೈಲಿ ಎಲ್ಲ ಟಾಕೀಸೂ ನೋಡಲಾಗದು, ಅದಕ್ಕೆ ನಮ್ಮನ್ನೂ ಕಳಿಸುತ್ತಾರೆ ಎಂದು ತಿಳಿದಿದ್ದೆವು. ನಮ್ಮ ವರದಿ ಓದಿದ ಮೇಲೆ ಒಂದು ಪ್ರಶ್ನೆ ಮಾತ್ರ ತಪ್ಪದೆ ಕೇಳುತ್ತಿದ್ದರು: “ಮಕ್ಕಳು ಯಾರಾದ್ರೂ ಇದ್ರಾ ಅದ್ರಲ್ಲಿ?” ಯಾಕೆಂದು ನಾವು ಯಾರೂ ಕೇಳಲಿಲ್ಲ.

ಈಗ ನನ್ನ ಘನಂದಾರಿ ಕೆಲಸವನ್ನು ಹೇಳಿಬಿಡುತ್ತೇನೆ. ಮೊದಮೊದಲು ಚೀಟಿ ಹಿಡಿದು ಹೋಗಿ ನೋಡಿದೆ. ಆಮೇಲೆ ಬೇಜಾರಾಯಿತು. ಆಗ ನಮ್ಮ ಹುಡುಗರಲ್ಲಿ ಒಂದು ರೂಢಿ ಇತ್ತು: ಸರ್ಕಾರಿ ರೀಲು ಮುಗಿಯುವವರೆಗೆ ಟಾಕೀಸಿನ ಕ್ಯಾಂಟೀನಿನಲ್ಲಿ ಕಾಫಿ ಕುಡಿದು, ಕಥೆ ಶುರುವಾಗುವಾಗ ಒಳಗೆ ನುಗ್ಗುವುದು. ಒಂದು ಶನಿವಾರ ನನ್ನ ಅಕ್ಕ ಸರೋಜಕ್ಕನನ್ನು ಸಿನಿಮಾಕ್ಕೆ ಕರೆದುಕೊಂಡು ಹೋದೆ. ಅವಳು ಹೆಂಗಸರ ಕಡೆಯ ಬಾಗಿಲಿನಿಂದ ಒಳಗೆ ಹೋದಳು, ನಾನು ಕ್ಯಾಂಟೀನಿಗೆ. ಅವತ್ತಿನ ಚೀಟಿಯಲ್ಲಿ ‘ವಿಷಯ: ಗೊತ್ತಾಗಲಿಲ್ಲ. ಹೊಸದಾಗಿ ಬಂದಿದೆ. ನೋಡಿ ತಿಳಿಸುವುದು’ ಎಂದಿತ್ತು. ಸೋಮವಾರ ನಾನು ಕೂತಲ್ಲೇ ಹೊಸೆದು ಬರೆದೆ: ‘ಅಣೆಕಟ್ಟು. ಸಿಮೆಂಟು. ಮಂತ್ರಿಗಳ ಭಾಷಣ. ಸಾಧಾರಣ.’ ರುಜು ಹಾಕಿದೆ. ರುದ್ರಯ್ಯನವರು ಓದಿ, “ಮಕ್ಕಳು?” ಎಂದರು. “ಇಲ್ಲ ಸಾರ್, ಬರೀ ಸಿಮೆಂಟು” ಎಂದೆ. ಅವರು ನಕ್ಕು, “ಹಾಗಾದ್ರೆ ನಾನು ಹೋಗೋದು ಬೇಡ ಬಿಡು” ಎಂದು ಚೀಟಿಯನ್ನು ತಂತಿಗೆ ಚುಚ್ಚಿದರು.

ಮೂರು ತಿಂಗಳು ಕಳೆದ ಮೇಲೆ ಅವರಿಗೆ ಜ್ವರ ಬಂತು. ಸ್ಟೋರಿನ ಬೀಗದ ಕೈ ತರಲು ಕಾರ್ಖಾನೆಯವರು ಕೆಂಗೇರಿಗೆ ನನ್ನನ್ನು ಕಳಿಸಿದರು. ಮನೆಯೊಳಗೆ ಗಂಡ ಹೆಂಡತಿ ಸಣ್ಣ ದನಿಯಲ್ಲಿ ವಾದ ಮಾಡುತ್ತಿದ್ದರು. “ಎಡಗೆನ್ನೆ ಕಣೇ. ನಾನು ಎತ್ಕೊಂಡಾಗ ನನ್ನ ಕಡೆಗೇ ಇರ್ತಿತ್ತು ಮಚ್ಚೆ” ಎಂದರು ರುದ್ರಯ್ಯನವರು. “ನಾನು ದಿನಾ ತಲೆ ಬಾಚ್ತಿದ್ದೋಳು. ಬಲಗೆನ್ನೆ” ಎಂದರು ಪಾರ್ವತಮ್ಮನವರು. ನನ್ನನ್ನು ಕಂಡು ಪಾರ್ವತಮ್ಮನವರು ಕಾಫಿ ಮಾಡಲು ಎದ್ದರು.

ಕಾಫಿ ಕೊಡುವಾಗ ಪಾರ್ವತಮ್ಮನವರೇ ಹೇಳಿದರು. ಅವರಿಗೆ ಒಬ್ಬಳೇ ಮಗಳು, ರತ್ನ. ಎಂಟು ವರ್ಷಕ್ಕೆ ಟೈಫಾಯಿಡಿನಲ್ಲಿ ಹೋದಳು. ಫೋಟೊ ತೆಗೆಸಿದರೆ ಮಗುವಿನ ಆಯಸ್ಸು ಕಮ್ಮಿಯಾಗುತ್ತದೆಂದು ರುದ್ರಯ್ಯನವರ ತಾಯಿ ಹಟ ಹಿಡಿದಿದ್ದರಿಂದ ಒಂದು ಫೋಟೊವೂ ಇರಲಿಲ್ಲ. ಆದರೆ ಅವಳು ಹೋಗುವ ನಾಲ್ಕು ತಿಂಗಳ ಮುಂಚೆ ಯಾರೋ ಕ್ಯಾಮರಾ ತಂದು ಕೆಂಗೇರಿಯ ಶಾಲೆಯಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಸೂಜಿ ಹಾಕುವುದನ್ನು ಚಿತ್ರ ತೆಗೆದುಕೊಂಡು ಹೋಗಿದ್ದರು. ಚಿತ್ರದ ಹೆಸರೇನು, ಎಲ್ಲಿಯವರು, ಶಾಲೆಯವರಿಗೂ ಗೊತ್ತಿರಲಿಲ್ಲ. “ನಮ್ಮತ್ತೆ ಸಾಯೋವರ್ಗೂ ಆ ಮಿಷಿನ್ನೇ ಮಗೂನ ತಿಂತು ಅಂತಿದ್ರು. ಇವ್ರು ಆ ಮಿಷಿನ್ ಒಳಗೆ ಮಗು ಇದೆ ಅಂತಾರೆ. ಆರು ವರ್ಷ ಆಯ್ತಪ್ಪ ಹುಡುಕೋಕೆ ಶುರು ಮಾಡಿ. ಮುಖ ಮರೆತು ಹೋಗ್ತಾ ಇದೆ ನಂಗೆ. ಅದೊಂದು ಸಲ ನೋಡಿದ್ರೆ ಸಾಕು” ಎಂದರು.

ಮಲಗಿದ್ದಲ್ಲಿಂದಲೇ ರುದ್ರಯ್ಯನವರು, “ಹುಡುಕೋಕೆ ಹೋದೆ ಕಣಯ್ಯ, ನೋಡೋದು ಕಲಿತೆ. ಜೇನು, ಉಪ್ಪು, ಗಡಿಯಾರ, ಎಷ್ಟೊಂದು ಇದೆ ಪ್ರಪಂಚದಲ್ಲಿ. ಅವಳಿಗೆ ತೋರಿಸಬಹುದಾಗಿತ್ತು” ಎಂದರು.

ಮನೆಗೆ ಬಂದು ಅಕ್ಕನಿಗೆ ಇದನ್ನೆಲ್ಲ ಹೇಳಿದೆ. ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು. “ಅಯ್ಯೋ, ನಾನು ನೋಡಿದೀನಲ್ಲೋ ಅದನ್ನ. ಅವತ್ತು ಶನಿವಾರ ನೀನು ಕಾಫಿ ಕುಡೀತಾ ನಿಂತಿದ್ಯಲ್ಲ, ಅವತ್ತು. ಲಂಗ ಹಾಕ್ಕೊಂಡಿರೋ ಹೆಣ್ಮಕ್ಕಳ ಸಾಲು. ಒಂದು ಮಗು ಸೂಜಿ ಹಾಕಿಸ್ಕೊಂಡು ತಿರುಗಿ ನಮ್ಮನ್ನೇ ನೋಡಿ ನಗುತ್ತೆ. ಮುಂದಿನ ಹಲ್ಲೊಂದು ಬಿದ್ದಿತ್ತು.” ನಾಚಿಕೆ ಎಂದರೆ ಏನೆಂದು ಅವತ್ತು ಗೊತ್ತಾಯಿತು. ಅದು ಇವತ್ತಿಗೂ ಹೋಗಿಲ್ಲ.

ರುದ್ರಯ್ಯನವರು ಕೆಲಸಕ್ಕೆ ಬಂದ ದಿನವೇ ಹೇಳಿದೆ. ಪೂರ್ತಿ ಹೇಳುವ ಗಂಡಸುತನ ಇರಲಿಲ್ಲ. ‘ನಮ್ಮಕ್ಕ ನೋಡಿದಳಂತೆ’ ಎಂದಷ್ಟೇ ಹೇಳಿದೆ. ಅವರು ಕಿಟಕಿಯ ಬಾಗಿಲು ಹಾಕಿದರು. ಕೆಲಸದ ವೇಳೆಯಲ್ಲಿ ಅದು ಮುಚ್ಚಿದ್ದನ್ನು ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ. “ಯಾವ ಟಾಕೀಸು? ಯಾವ ವಾರ?” ಎಂದರು. ಹೇಳಿದೆ. ತಂತಿಯಿಂದ ಚೀಟಿಗಳನ್ನು ಇಳಿಸಿ ಒಂದೊಂದೇ ತಿರುವಿ ಹಾಕಿದರು. ನನ್ನ ಚೀಟಿ ಸಿಕ್ಕಿತು. ಓದಿದರು. ಸಿಮೆಂಟು, ಭಾಷಣ, ಸಾಧಾರಣ, ಕೆಳಗೆ ನನ್ನ ದೊಡ್ಡ ರುಜು. ಅದನ್ನು ಜೇಬಿನಲ್ಲಿಟ್ಟುಕೊಂಡರು. ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

“ಆ ಟಾಕೀಸಿನ ರೀಲು ಮೂರು ತಿಂಗಳಿಗೆ ನಾಯಂಡಹಳ್ಳಿ ಟೆಂಟಿಗೆ ಬರುತ್ತೆ. ಬಾ ಹೋಗೋಣ” ಎಂದರು.

ಒಂದೇ ಸೈಕಲ್ಲಿನಲ್ಲಿ ಹೋದೆವು. ಮಧ್ಯಾಹ್ನದ ಹೊತ್ತು, ಡೇರೆಯಲ್ಲಿ ಆಪರೇಟರ್ ಒಬ್ಬನೇ ಕೂತು ಹರಿದ ಫಿಲ್ಮು ಅಂಟಿಸುತ್ತಿದ್ದ. “ಸೂಜಿ ಹಾಕೋದಾ ಸಾರ್? ಬಂದಿತ್ತು. ಹೋದ ವಾರ ಮಿಷಿನ್ನಿಗೆ ಸಿಕ್ಕಾಕೊಂಡು ಹರಿದೋಯ್ತು. ಹರಿದಿದ್ದನ್ನ ಕತ್ತರಿಸಿ ಬಿಸಾಕಿ, ಮಿಕ್ಕಿದ್ದು ಅಂಟಿಸಿ ವಾಪಸ್ ಕಳ್ಸಿದ್ವಿ” ಎಂದ.

“ಹರಿದಿದ್ದು ಯಾವ ಭಾಗ?”

“ಮಕ್ಕಳು ಸಾಲಾಗಿ ನಿಂತಿರ್ತಾವಲ್ಲ, ಅದು.”

“ಆ ಚಿತ್ರದ ಹೆಸರೇನಪ್ಪ?”

“ಸರ್ಕಾರಿ ರೀಲಿಂದು ಹೆಸರು ಯಾರ್ ಸಾರ್ ನೋಡ್ತಾರೆ? ರೀಲು ಒಂದು ಅಂತ ಬರ್ಕೋತೀವಿ. ಚೂರುಗಳನ್ನ ಬಳೆ ಮಾಡೋನು ತಗೊಂಡೋಗ್ತಾನೆ, ಕರಗಿಸೋಕೆ. ಹಿಂದ್ಗಡೆ ತಿಪ್ಪೇಲಿ ಏನಾದ್ರೂ ಇದ್ರೆ ನೋಡ್ಕೊಳ್ಳಿ.”

ಬಿಸಿಲಲ್ಲಿ ಇಬ್ಬರೂ ತಿಪ್ಪೆ ಕೆದಕಿದೆವು. ಬೆರಳುದ್ದದ ಚೂರುಗಳು ಸಿಕ್ಕವು. ರುದ್ರಯ್ಯನವರು ಬೋಲ್ಟು ನೋಡುವ ಹಾಗೆಯೇ ಒಂದೊಂದನ್ನೂ ಪಂಚೆಯ ಚುಂಗಿನಲ್ಲಿ ಒರೆಸಿ ಬೆಳಕಿಗೆ ಹಿಡಿದರು. ಒಂದರಲ್ಲಿ ಯಾವನದೋ ಮೀಸೆ. ಒಂದರಲ್ಲಿ ಕುದುರೆ. “ಇದು ಸೇತುವೇದು. ಒಳ್ಳೇ ಚಿತ್ರ, ನಾನು ನೋಡಿದೀನಿ” ಎಂದು ಅಂಥ ಹೊತ್ತಿನಲ್ಲೂ ಒಂದನ್ನು ನನ್ನ ಕೈಗೆ ಕೊಟ್ಟರು. ಮಕ್ಕಳು ಸಿಗಲಿಲ್ಲ. ಕೈ ತೊಳೆದುಕೊಳ್ಳದೆಯೇ ಅವರು ನಾಯಂಡಹಳ್ಳಿ ಸ್ಟೇಷನ್ನಿಗೆ ನಡೆದು ಹೋದರು.

ಮುಂದಿನ ಭಾನುವಾರ ಗಂಡ ಹೆಂಡತಿ ನಮ್ಮ ಮನೆಗೆ ಬಂದರು. ಪಾರ್ವತಮ್ಮನವರು ಅಕ್ಕನ ಎದುರು ಕೂತು, “ಹೆಂಗೆ ತಿರುಗಿ ನೋಡಿದ್ಳು, ತೋರಿಸಮ್ಮ” ಎಂದರು. ಅಕ್ಕ ಎಡಕ್ಕೆ ತಿರುಗಿ ನಕ್ಕು ತೋರಿಸಿದಳು. “ಇನ್ನೊಂದ್ಸಲ” ಎಂದರು. ಅಕ್ಕ ಈ ಸಲ ಬಲಕ್ಕೆ ತಿರುಗಿದಳು. ತಾನೇ ತಬ್ಬಿಬ್ಬಾದಳು. “ಮಚ್ಚೆ ಯಾವ ಕಡೆ ಇತ್ತು?” ಎಂದು ರುದ್ರಯ್ಯನವರು ಕೇಳಿದರು. ಅಕ್ಕ ಅತ್ತುಬಿಟ್ಟಳು. “ನಾನು ನಗು ನೋಡಿದ್ನೇ ಹೊರತು ಮಚ್ಚೆ ನೋಡ್ಲಿಲ್ಲ ಸಾರ್.” ಪಾರ್ವತಮ್ಮನವರು ಅವಳ ಕೆನ್ನೆ ಸವರಿ, “ಅಳ್ಬೇಡ ಕಣಮ್ಮ. ನೀನಾದ್ರೂ ನೋಡಿದ್ಯಲ್ಲ” ಎಂದರು.

ಚಿತ್ರ ಕಳಿಸುವ ಕಚೇರಿಗೆ ರುದ್ರಯ್ಯನವರು ಬರೆದ ಕಾಗದಗಳಿಗೆ ಒಂದೇ ಉತ್ತರ: ಹೆಸರು ತಿಳಿಸದೆ ಹುಡುಕಲು ಸಾಧ್ಯವಿಲ್ಲ. ಹೆಸರು ಅಕ್ಕನಿಗೂ ನೆನಪಿರಲಿಲ್ಲ. ಬೇರೆ ಊರುಗಳಲ್ಲಿ ಬೇರೆ ಪ್ರತಿಗಳು ಇರಲೇಬೇಕೆಂದು ಅವರು ಹುಡುಕುತ್ತಲೇ ಇದ್ದರು. ಭಟ್ಟರಿಗೆ ಚೀಟಿ ಹೋಗುತ್ತಿತ್ತು, ವಾಚ್‌ಮನ್‌ಗೆ ಹೋಗುತ್ತಿತ್ತು. ನನಗೆ ಡ್ರಿಲ್ ಬಿಟ್ ಮಾತ್ರ. ಒಂದು ದಿನ ನಾಚಿಕೆ ಬಿಟ್ಟು, “ನಂಗೂ ಒಂದು ಚೀಟಿ ಕೊಡಿ ಸಾರ್” ಎಂದೆ. “ಬೇಡ ಕಣಯ್ಯ. ನಿಂಗ್ಯಾಕೆ ತೊಂದ್ರೆ” ಎಂದರು, ಮೃದುವಾಗಿಯೇ.

ಎರಡು ವರ್ಷದ ಮೇಲೆ ಅವರ ಕೆಲಸದ ಕೊನೆಯ ದಿನ, ಹೊಸ ಸ್ಟೋರ್ ಕೀಪರಿಗೆ ಎಲ್ಲ ಒಪ್ಪಿಸಿ ನನ್ನನ್ನು ಕಿಟಕಿಯ ಹತ್ತಿರ ಕರೆದರು. ಜೇಬಿನಿಂದ ಆ ಚೀಟಿ ತೆಗೆದರು. ಮಡಿಕೆಯಲ್ಲಿ ಸವೆದು ಬಟ್ಟೆಯ ಹಾಗಾಗಿತ್ತು. “ಇದೊಂದು ಬಾಕಿ ಇದೆ. ತಪ್ಪು ವರದಿ ಇಟ್ಕೊಂಡು ನಾನು ಹೊರಡಬಾರ್ದು. ಸರಿ ಮಾಡ್ಕೊಡು” ಎಂದು ತಮ್ಮ ಪೆನ್ನು ಕೊಟ್ಟರು. ನನ್ನ ಕೈ ಬರೆದದ್ದನ್ನೆಲ್ಲ ಗೀಚಿ ಮುಚ್ಚಲು ಹೋಯಿತು. ಅವರು ಮಣಿಕಟ್ಟು ಹಿಡಿದುಕೊಂಡರು. “ಒಂದೇ ಗೆರೆ. ಕೆಳಗಿರೋದು ಓದೋಕೆ ಆಗ್ಬೇಕು.” ಒಂದು ಗೆರೆ ಎಳೆದೆ. ಮೇಲೆ ‘ನೋಡಿಲ್ಲ’ ಎಂದು ಬರೆದು ರುಜು ಹಾಕಿದೆ. ಅವರು ಓದಿ ತಲೆಯಾಡಿಸಿ, ಟೋಪಿ ಸರಿಮಾಡಿಕೊಂಡು ರೈಲಿಗೆ ಹೋದರು. ಅವರನ್ನು ನಾನು ಕಂಡದ್ದು ಅದೇ ಕೊನೆ. ಮಳೆಗಾಲ ಮುಗಿಯುವ ಮುಂಚೆ ಹೃದಯ ನಿಂತು ತೀರಿಕೊಂಡರು.

ಈಗ ಟಾಕೀಸಿನ ಬಾಗಿಲು ತೆರೆಯುವ ಮುಂಚೆ ಹೋಗಿ ನಿಲ್ಲುವವನು ನಾನು. ತಿಂಗಳಿಗೊಮ್ಮೆ ಕೆಂಗೇರಿಗೆ ಹೋಗುತ್ತೇನೆ. ಪಾರ್ವತಮ್ಮನವರು ಕಾಫಿ ಕೊಟ್ಟು, ಕಂಬಕ್ಕೊರಗಿ ಕೂತು, “ಈ ಸಲ ಏನೇನು ನೋಡ್ದೆಯಪ್ಪ?” ಎನ್ನುತ್ತಾರೆ. ಹೋದ ಭಾನುವಾರ ಛತ್ರಿ ಮಾಡುವವರದ್ದು, ಬೆಟ್ಟದ ಮೇಲಿನ ಮಗ್ಗದ್ದು, ಮೋಡ ಅಳೆಯುವವರದ್ದು ಹೇಳಿದೆ. ನೋಡಿದ್ದನ್ನಷ್ಟೇ ಹೇಳಿದೆ. ಅವರು ಕೊನೆಯವರೆಗೂ ಕೇಳಿಸಿಕೊಂಡರು.

“ಮಕ್ಕಳಿದ್ರಾ?” ಎಂದರು.

“ಇರ್ಲಿಲ್ಲಮ್ಮ” ಎಂದೆ.