ಡಚೆಸ್ ಊಟ ಬಿಟ್ಟಳು

ಇನಿಸ್‌ಫೇಲ್ ಊರಿನ ಡೆಸ್ಮಂಡ್ ಪಾಸ್ಕೋ ಗದ್ದೆಯಿಂದ ಕಾರ್ಖಾನೆಗೆ ಕಬ್ಬು ಸಾಗಿಸುವ ರೈಲು ಓಡಿಸಿ ನಿವೃತ್ತನಾದವನು. ಏಳು ವರ್ಷದಿಂದ ಅವನ ಮನೆಯಲ್ಲಿ ಒಂದು ಜೋಡಿ ಹೆಬ್ಬಾವುಗಳಿದ್ದವು, ಗಂಡು ಬ್ರೂನೊ, ಹೆಣ್ಣು ಡಚೆಸ್. ಎರಡೂ ಹೆಣೆದುಕೊಂಡು ಹೊರಳಾಡುವುದನ್ನು ಬಂದವರಿಗೆಲ್ಲ ಕರೆದು ತೋರಿಸುತ್ತಿದ್ದ. ಮೊಟ್ಟೆ ಮಾತ್ರ ಒಂದೂ ಇಲ್ಲ.

ಎದುರುಮನೆಯ ನೊರೀನ್ ಹಾವು ಸಾಕತೊಡಗಿದ್ದು ಮೊನ್ನೆ ಮೊನ್ನೆ. ಚಳಿಗಾಲದಲ್ಲಿ ಅವಳು ತನ್ನ ಹೆಣ್ಣಿಗಾಗಿ ಬ್ರೂನೊನನ್ನು ಎರವಲು ಕೇಳಿದಳು. ಗಂಡು ಕೊಟ್ಟವನಿಗೆ ಮರಿಗಳಲ್ಲಿ ಅರ್ಧ ಪಾಲು, ಅದು ಹಾವಿನವರ ರೂಢಿ. ಏಳು ವರ್ಷದಲ್ಲಿ ಆಗದ್ದು ಇವಳಿಗೆ ಆದೀತೇ ಎಂದು ಡೆಸ್ ಒಳಗೊಳಗೇ ನಗುತ್ತ ಕೊಟ್ಟ. ವಸಂತದಲ್ಲಿ ನೋಡಿದರೆ ಅವಳ ಹಾವು ಹದಿನೇಳು ಮೊಟ್ಟೆಗಳನ್ನು ಸುತ್ತಿಕೊಂಡು ಮಲಗಿದೆ. ಅವನ ಹೊಟ್ಟೆಗೆ ಬೆಂಕಿ ಬಿತ್ತು.

"ಬ್ರೂನೊನ್ನ ನೀ ಒಯ್ದಾಗಿಂದ ನಮ್ಮ ಡಚೆಸ್ ಇಲಿ ಮೂಸಿಯೂ ನೋಡ್ಲಿಲ್ಲ. ಸವತಿ ಅಂದ್ರೆ ಯಾರು ತಾನೆ ಸಹಿಸ್ತಾರೆ?" ಎಂದ.

ನೊರೀನ್ ನೇರ ಅವನ ಮನೆಗೆ ಬಂದು, ಡಚೆಸ್‌ಳ ಬಾಲದ ಬುಡಕ್ಕೆ ಗಂಡೋ ಹೆಣ್ಣೋ ಪರೀಕ್ಷಿಸುವ ಸಣ್ಣ ಉಕ್ಕಿನ ಕಡ್ಡಿ ಇಳಿಸಿದಳು. ಹೆಣ್ಣಾಗಿದ್ದರೆ ಅದು ತುಸುವೇ ಇಳಿದು ನಿಲ್ಲಬೇಕಿತ್ತು. ಸರಾಗವಾಗಿ ಒಳಗೆ ಹೋಯಿತು.

"ಇದು ಗಂಡು, ಡೆಸ್. ಮಾರಿದವನ ಮಾತು ನಂಬಿಬಿಟ್ಯಾ?"

"ಹಾಗಾದ್ರೆ ಏಳು ವರ್ಷ ಇವು ಹೊರಳಾಡಿದ್ದು?"

"ಕುಸ್ತಿ." ಅವಳು ಕಡ್ಡಿ ಒರೆಸಿಕೊಂಡಳು. "ಹೊಟ್ಟೆಕಿಚ್ಚೇನೋ ನಿಜವೇ. ಆದ್ರೆ ನನ್ನ ಹಾವಿನ ಮೇಲಲ್ಲ, ಬ್ರೂನೊ ಮೇಲೆ."

ಅವಳು ಹೋದ ಮೇಲೆ ಡೆಸ್ ಹಾವಿನ ಪೆಟ್ಟಿಗೆಯ ಮೇಲಿದ್ದ ಡಚೆಸ್ ಎಂಬ ಹೆಸರು ಕೆರೆದು ತೆಗೆದ. ಹೊಸ ಹೆಸರಿಗೆ ಬಹಳ ಹೊತ್ತು ಯೋಚಿಸಿ, ಕೊನೆಗೆ ಡೆಸ್ಮಂಡ್ ಎಂದೇ ಬರೆದ.