ದೊಡ್ಡಪ್ಪ ಭೂಮಿ ತಿರುಗುವುದನ್ನು ನೋಡಿದ ಭಾನುವಾರ

ಶಿರಸಿಯಲ್ಲಿ ಕಾಲೇಜು ಶುರುವಾಗಿ ಆಗಿನ್ನೂ ಹೆಚ್ಚು ವರ್ಷವಾಗಿರಲಿಲ್ಲ. ಕಟ್ಟಡದ ಒಂದು ಮಗ್ಗುಲಿಗೆ ಗಾರೆ ಗಿಲಾವು ಆಗಿರಲಿಲ್ಲ. ದೊಡ್ಡ ಸಭಾಂಗಣಕ್ಕೆ ಮಂಗಳೂರು ಹೆಂಚು ಹೊದಿಸಿದ್ದರು, ಕಿಟಕಿಗಳಿಗೆ ಬಣ್ಣ ಬಳಿಯುವುದು ಬಾಕಿ ಇತ್ತು. ವಿಜ್ಞಾನದ ತರಗತಿಯಲ್ಲಿ ಹುಡುಗಿಯರೆಂದರೆ ನಾವು ಮೂವರೇ. ನಾನು ಬನವಾಸಿ ಕಡೆಯ ಹಳ್ಳಿಯವಳು. ಊರಲ್ಲಿ ನಮಗೆ ಗದ್ದೆಯೂ ಇತ್ತು, ಭತ್ತದ ವ್ಯಾಪಾರವೂ ಇತ್ತು. ಶಿರಸಿ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಸೋದರಮಾವನ ಮನೆಯಲ್ಲಿದ್ದುಕೊಂಡು ಓದುತ್ತಿದ್ದೆ.

ಓದಲು ಕಳಿಸಿದವರು ಅಪ್ಪ. ಆದರೆ ಮನೆಯಲ್ಲಿ ಕೊನೆಯ ಮಾತು ಅಪ್ಪನ ಅಣ್ಣನದು, ನನ್ನ ದೊಡ್ಡಪ್ಪನದು. ಅವರು ಕೆಟ್ಟವರಲ್ಲ. ನಾನು ರಜೆಗೆ ಹೋದಾಗ ಸಂತೆಯಿಂದ ನನಗೆಂದೇ ಬೇರೆ ಪೊಟ್ಟಣ ಕಟ್ಟಿಸಿಕೊಂಡು ಬರುತ್ತಿದ್ದವರು. ಆದರೆ ಹೆಣ್ಣುಮಗಳು ಮ್ಯಾಟ್ರಿಕ್ ದಾಟಿದ ಮೇಲೆ ಓದುವುದರಲ್ಲಿ ಅವರಿಗೆ ಅರ್ಥ ಕಾಣುತ್ತಿರಲಿಲ್ಲ. "ಓದಿ ಏನು ಮಾಡ್ತಾಳ? ಒಲಿ ಮುಂದ ಇಂಗ್ಲಿಷ್ ಮಾತಾಡ್ತಾಳೇನು?" ಎಂದು ಅಪ್ಪನನ್ನು ಕೇಳುತ್ತಿದ್ದರು. ನನಗೆ ಪದವಿಯ ಕೊನೆಯ ವರ್ಷ ಉಳಿದಿದ್ದಾಗ ಹಾನಗಲ್ಲಿನಿಂದ ಒಂದು ಸಂಬಂಧ ಬಂತು. ಬೇಸಿಗೆಯಲ್ಲೇ ಮದುವೆ ಮುಗಿಸಿಬಿಡಬೇಕು ಎಂದು ದೊಡ್ಡಪ್ಪ ಹಟ ಹಿಡಿದಿದ್ದರು.

ಅದೇ ವರ್ಷ ಸುಗ್ಗಿ ಮುಗಿದ ಹೊತ್ತಿಗೆ ನಮ್ಮ ವಿಶ್ವವಿದ್ಯಾಲಯದವರು ಒಂದು ಹೊಸ ಕೆಲಸಕ್ಕೆ ಕೈಹಾಕಿದರು. ಶನಿವಾರ, ಭಾನುವಾರ ಎರಡು ದಿನ ನಮ್ಮ ಕಾಲೇಜಿನ ಪ್ರಯೋಗಾಲಯಗಳನ್ನೆಲ್ಲ ಸಾರ್ವಜನಿಕರಿಗೆ ತೆರೆದಿಡುವುದು. ಯಾರು ಬೇಕಾದರೂ ಬರಬಹುದು, ಮುಟ್ಟಿ ನೋಡಬಹುದು, ಕೇಳಬಹುದು. ದೂರದರ್ಶಕವನ್ನೂ ಬಗೆಬಗೆಯ ಕಲ್ಲುಗಳನ್ನೂ ಹೊತ್ತುಕೊಂಡು ಅಲ್ಲಿಯ ಪ್ರಾಧ್ಯಾಪಕರೇ ಬರುವವರಿದ್ದರು. ಸಿದ್ದಾಪುರ, ಯಲ್ಲಾಪುರದ ಬಸ್ಸುಗಳಲ್ಲಿ ಕರಪತ್ರ ಹಂಚಿದರು.

ನಮಗೆ ಭೌತಶಾಸ್ತ್ರ ಕಲಿಸುತ್ತಿದ್ದ ಸರ್ ಧಾರವಾಡದ ಕಡೆಯವರು, ತೆಳ್ಳಗಿನ ಮನುಷ್ಯ. ಅವರು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಹೇಳಿದರು: "ನೀವು ಕಲ್ತದ್ದು ಇಂಗ್ಲಿಷಿನಾಗ. ಹೇಳಬೇಕಾದ್ದು ಕನ್ನಡದಾಗ. ನಾನು ನಿಮ್ಮ ಹಿಂದ ಅಡ್ಡಾಡ್ತಿರ್ತೀನಿ. ಬಂದವರಿಗೆ ತಿಳೀಲಾರದ ಶಬ್ದ ಬಾಯಾಗ ಬಂತಂದ್ರ ಕೆಮ್ಮತೀನಿ."

ನನ್ನ ಪಾಲಿಗೆ ಬಂದದ್ದು ಲೋಲಕ. ಸಭಾಂಗಣದ ನಡುವಿನ ತೊಲೆಯಿಂದ ಉದ್ದನೆಯ ಉಕ್ಕಿನ ತಂತಿ ಇಳಿಬಿಟ್ಟು, ಅದರ ತುದಿಗೆ ಭಾರವಾದ ಗುಂಡು ಕಟ್ಟಿ ತೂಗಬಿಡುವುದು. ಗುಂಡು ಒಂದೇ ದಿಕ್ಕಿನಲ್ಲಿ ಹೋಗಿ ಬರುತ್ತಿದ್ದರೂ, ಹೊತ್ತು ಕಳೆದಂತೆ ಅದರ ಹಾದಿ ನೆಲದ ಮೇಲೆ ಮೆಲ್ಲಗೆ ಬಲಕ್ಕೆ, ಪ್ರದಕ್ಷಿಣೆ ಹಾಕುವ ದಿಕ್ಕಿಗೆ, ಸರಿಯುತ್ತ ಹೋದಂತೆ ಕಾಣುತ್ತದೆ. ಸರಿಯುವುದು ಗುಂಡಲ್ಲ, ಅದರ ಕೆಳಗಿನ ನೆಲ. ಭೂಮಿ ತಿರುಗುತ್ತದೆಂಬುದನ್ನು ಆಕಾಶ ನೋಡದೆ, ಕೋಣೆಯೊಳಗೇ ಕುಳಿತು ಕಾಣಬಹುದಾದ ಪ್ರಯೋಗ ಅದು.

ತಂತಿಯನ್ನು ವಿಶ್ವವಿದ್ಯಾಲಯದವರು ಕೊಟ್ಟರು. ಗುಂಡನ್ನು ಮಾತ್ರ ನಾವೇ ಮಾಡಿಕೊಳ್ಳಬೇಕಾಯಿತು. ಪೇಟೆಯ ಪಾತ್ರೆ ಮಾಡುವವರ ಹತ್ತಿರ ಹಿತ್ತಾಳೆಯ ಎರಡು ಬಟ್ಟಲುಗಳನ್ನು ಮಾಡಿಸಿ, ಒಳಗೆ ಬಂದೂಕಿಗೆ ಹಾಕುವ ಚರೆ ತುಂಬಿಸಿ, ಎರಡನ್ನೂ ಸೇರಿಸಿ ಬೆಸುಗೆ ಹಾಕಿಸಿದೆವು. ತಳಕ್ಕೆ ಒಂದು ಮೊಳೆ. ನೆಲದ ಮೇಲೆ ರಂಗೋಲಿ ಪುಡಿಯನ್ನು ಸಣ್ಣ ದಿಣ್ಣೆಯಂತೆ ಬಾಗಿಸಿ ಹಾಕಿದರೆ, ಗುಂಡು ಬಂದಾಗಲೆಲ್ಲ ಮೊಳೆ ಆ ದಿಣ್ಣೆಯನ್ನು ಅಷ್ಟಷ್ಟೇ ಕೊರೆಯುತ್ತಿತ್ತು.

ಮೊದಲ ಸಲ ಕೈಯಿಂದ ದೂಡಿ ಬಿಟ್ಟಾಗ ಗುಂಡು ನೆಟ್ಟಗೆ ಹೋಗದೆ ಕೋಳಿಮೊಟ್ಟೆಯ ಆಕಾರದಲ್ಲಿ ಸುತ್ತತೊಡಗಿತು. ಸರ್ ನಕ್ಕು, ಗುಂಡನ್ನು ಪಕ್ಕಕ್ಕೆ ಎಳೆದು ನೂಲಿನಿಂದ ಗೋಡೆಯ ಗೂಟಕ್ಕೆ ಕಟ್ಟಿದರು. ಅದರ ಅಲುಗಾಟ ಪೂರ್ತಿ ನಿಂತ ಮೇಲೆ ನೂಲಿಗೆ ಕಡ್ಡಿ ಗೀರಿದರು. ನೂಲು ಸುಟ್ಟು ತುಂಡಾಯಿತು. ಗುಂಡು ತಾನಾಗಿಯೇ ಹೊರಟು, ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತಿಗೆ ಹೋಗಿ ಬಂತು. ಎಷ್ಟು ನೆಟ್ಟಗೆ ಎಂದರೆ, ಗದ್ದೆಯ ಬದುವಿಗೆ ಹಗ್ಗ ಹಿಡಿದಂತೆ.

ಶನಿವಾರ ಜನ ನೆರೆದರು. ಹತ್ತು ಗಂಟೆಗೆ ಬಾಗಿಲು ತೆರೆಯುವ ಮೊದಲೇ ಹೊರಗೆ ಸಾಲು. ಆದರೆ ನನ್ನ ಹತ್ತಿರ ಯಾರೂ ನಿಲ್ಲಲಿಲ್ಲ. ರಸಾಯನಶಾಸ್ತ್ರದ ಕೋಣೆಯಲ್ಲಿ ನೀಲಿ ನೀರು ಕೆಂಪಾಗುತ್ತಿತ್ತು, ಹೊಗೆ ಏಳುತ್ತಿತ್ತು. ಸೂಕ್ಷ್ಮದರ್ಶಕದ ಮುಂದೆ ನೂಕುನುಗ್ಗಲು. ಸಭಾಂಗಣಕ್ಕೆ ಬಂದವರು ಗುಂಡನ್ನೊಮ್ಮೆ ನೋಡಿ, "ತೂಗ್ತದೆ ಅಷ್ಟೆ," ಎಂದು ಮುಂದೆ ಹೋಗುತ್ತಿದ್ದರು. ನಾನು ಹೇಳಲು ಬಾಯಿ ತೆರೆದರೆ ಬರುತ್ತಿದ್ದದ್ದು ಪುಸ್ತಕದ ಮಾತು. ಹಿಂದಿನಿಂದ ಸರ್ ಕೆಮ್ಮುತ್ತಿದ್ದರು. ಸಿದ್ದಾಪುರದ ಕಡೆಯ ಯಜಮಾನರೊಬ್ಬರು ಮಾತ್ರ ನಿಂತು ಸರಿಯಾದ ಪ್ರಶ್ನೆ ಕೇಳಿದರು: "ಅಲ್ಲ ಮಾರಾಯ್ತಿ, ಭೂಮಿ ತಿರುಗಿದರೆ ಈ ಕಟ್ಟಡವೂ ತಿರುಗ್ತದೆ. ತೊಲೆಯೂ ತಿರುಗ್ತದೆ. ತೊಲೆಗೆ ಕಟ್ಟಿದ ಗುಂಡು ತಿರುಗದೆ ಇರ್ತದಾ?"

ನನಗೆ ಉತ್ತರ ಗೊತ್ತಿತ್ತು. ಹೇಳಲು ಬರಲಿಲ್ಲ. ಅವರು ಬೇಸರಿಸದೆ, "ಯೋಚನೆ ಮಾಡು. ಆನು ನಾಳೆ ಬರ್ತೆ," ಎಂದು ಹೋದರು. ಆ ಕೊನೆಯ ಮಾತು ಅವರು ಮನೆಯಲ್ಲಿ ಆಡುವ ಕನ್ನಡದಲ್ಲೇ ಬಂದಿತ್ತು, 'ನಾನು' ಎನ್ನಲು 'ಆನು'.

ಸಂಜೆ ಮಾವನ ಮನೆಯಲ್ಲಿ ಅತ್ತೆ ಹೆಸರುಬೇಳೆ ಒಡೆಯಲು ಬೀಸುವ ಕಲ್ಲಿನ ಮುಂದೆ ಕುಳಿತಿದ್ದರು. ಮೇಲಿನ ಕಲ್ಲು ತಿರುಗುವುದನ್ನು ನೋಡುತ್ತಿದ್ದಂತೆ ನನಗೆ ದಾರಿ ಹೊಳೆಯಿತು. ಮೂರು ಬಿದಿರು ಕಡ್ಡಿಗಳನ್ನು ತುದಿಯಲ್ಲಿ ಸೇರಿಸಿ ಕಟ್ಟಿ ಮೇಲಿನ ಕಲ್ಲಿನ ಮೇಲೆ ನಿಲ್ಲಿಸಿದೆ. ನಡುವೆ ನೂಲಿನಲ್ಲಿ ಬೀಗದ ಕೈ ತೂಗುಬಿಟ್ಟೆ. ಬೀಗದ ಕೈ ಅಡುಗೆಮನೆಯ ಬಾಗಿಲಿನ ಕಡೆಗೆ ತೂಗುತ್ತಿರುವಾಗ ಅತ್ತೆಗೆ ಕಲ್ಲನ್ನು ಮೆಲ್ಲಗೆ ತಿರುಗಿಸಲು ಹೇಳಿದೆ. ಕಲ್ಲು ತಿರುಗಿತು, ಕಡ್ಡಿಗಳು ತಿರುಗಿದವು. ಬೀಗದ ಕೈ ಬಾಗಿಲಿನ ಕಡೆಗೇ ತೂಗುತ್ತಿತ್ತು.

ಅತ್ತೆ ಕೈ ನಿಲ್ಲಿಸಿ ನೋಡಿದರು. "ಇದನ್ನ ನಾಳಿಗೆ ಒಯ್ಯು," ಎಂದರು. "ಬ್ಯಾಳಿ ಇನ್ನೊಂದಿನ ಒಡದರಾತು."

ಭಾನುವಾರ ಬೆಳಿಗ್ಗೆ ಸಭಾಂಗಣದಲ್ಲಿ ಬೀಸುವ ಕಲ್ಲು ಕಂಡದ್ದೇ ತಡ, ಹೆಂಗಸರು ಬಂದು ಸುತ್ತ ನಿಂತರು. ತಮ್ಮ ಮನೆಯ ಸಾಮಾನು ಇಲ್ಲಿಗೇಕೆ ಬಂತೆಂದು ಅವರಿಗೆ ಕುತೂಹಲ. ಅವರಿಂದಲೇ ಕಲ್ಲು ತಿರುಗಿಸಿದೆ. "ಈ ಕಲ್ಲು ಭೂಮಿ ಅಂತ ತಿಳೀರಿ. ಕಡ್ಡಿ ನಮ್ಮ ತೊಲೆ. ನಾವು ಕಲ್ಲಿನ ಮೇಲೆ ಕೂತ ಇರುವೆ. ಇರುವೆಗೆ ಬೀಗದ ಕೈಯೇ ಸರಿದಂಗೆ ಕಾಣ್ತದೆ." ಸರ್ ಕೆಮ್ಮಲಿಲ್ಲ. ಸಿದ್ದಾಪುರದ ಯಜಮಾನರು ಹೇಳಿದಂತೆಯೇ ಬಂದರು, ಹೆಂಡತಿಯನ್ನೂ ಕರೆತಂದಿದ್ದರು. ತಾವೇ ಕೂತು ಕಲ್ಲು ತಿರುಗಿಸಿ, "ಈಗ ಸರಿಯಾಯ್ತು," ಎಂದು ಎದ್ದರು.

ಆ ಹೊತ್ತಿಗೆ ಬಾಗಿಲಲ್ಲಿ ದೊಡ್ಡಪ್ಪ ಕಂಡರು. ತಲೆಗೆ ರುಮಾಲು, ಕೈಯಲ್ಲಿ ಬೆತ್ತ. ಹಿಂದೆ ಅವ್ವ. ಮದುವೆಯ ಮಾತುಕತೆಗೆಂದು ಮಾವನ ಮನೆಗೆ ಬಂದವರು, ನಾನು ಕಾಲೇಜಿನಲ್ಲಿದ್ದೇನೆಂದು ತಿಳಿದು ಇಲ್ಲಿಗೇ ಬಂದಿದ್ದರು. ಅಷ್ಟು ಜನರ ನಡುವೆ ನಾನು ನಿಂತು ಮಾತಾಡುವುದನ್ನು ನೋಡಿ ಅವರು ಸ್ವಲ್ಪ ಹೊತ್ತು ದೂರದಲ್ಲೇ ನಿಂತರು. ನಾನು ಮಾತು ನಿಲ್ಲಿಸಲಿಲ್ಲ.

ಎಲ್ಲ ಕೇಳಿಯಾದ ಮೇಲೆ ದೊಡ್ಡಪ್ಪ ಹತ್ತಿರ ಬಂದರು. "ಬೀಸೂಕಲ್ಲಿಂದು ಆಟಿಕಿ ಆತು. ಅಲ್ಲಿ ತೂಗೂದು ಗಾಳಿಗೆ ಸರೀತಿರಬೇಕು," ಎಂದರು.

"ಗಾಳಿಗಲ್ಲ, ದೊಡ್ಡಪ್ಪ."

"ಹಂಗಾದ್ರ ಕದಾ ಹಾಕಸು. ನನ್ನ ಕಣ್ಣಮುಂದ ಮಾಡು."

ನಾನು ಸರ್ ಕಡೆ ನೋಡಿದೆ. ಅವರು ತಲೆಯಾಡಿಸಿದರು. ಗುಂಡನ್ನು ನಿಲ್ಲಿಸಿ, ಕಿಟಕಿ ಬಾಗಿಲುಗಳನ್ನೆಲ್ಲ ಮುಚ್ಚಿಸಿ, ಪುಡಿಯ ದಿಣ್ಣೆಯನ್ನು ಹೊಸದಾಗಿ ಹಾಕಿ, ಗುಂಡನ್ನು ಮತ್ತೆ ನೂಲಿನಿಂದ ಕಟ್ಟಿದೆ. ಕಡ್ಡಿಪೆಟ್ಟಿಗೆಯನ್ನು ದೊಡ್ಡಪ್ಪನ ಕೈಗೇ ಕೊಟ್ಟೆ. ಅವರು ಕಡ್ಡಿ ಗೀರಿ ನೂಲಿಗೆ ಹಿಡಿದರು. ಗುಂಡು ಹೊರಟಿತು. ಅದರ ಹಾದಿಯ ಪಕ್ಕಕ್ಕೆ ತಮ್ಮ ಬೆತ್ತವನ್ನು ನೆಟ್ಟಗೆ ಮಲಗಿಸಿ, ಬೆಂಚು ಎಳೆಸಿಕೊಂಡು ಕುಳಿತರು. "ಯಾರೂ ಹತ್ರ ಬರಬ್ಯಾಡ್ರಿ," ಎಂದು ಜನರಿಗೆ ಹೇಳಿದರು.

ಮುಚ್ಚಿದ ಕೋಣೆಯಲ್ಲಿ ಸೆಕೆ. ಅವ್ವ ಸೆರಗಿನಿಂದ ಗಾಳಿ ಹಾಕಿಕೊಳ್ಳಲು ಹೋದಾಗ ದೊಡ್ಡಪ್ಪ ಅದನ್ನೂ ತಡೆದರು. ಏನೋ ಪಂದ್ಯ ನಡೆದಿದೆ ಎಂದುಕೊಂಡು ಇನ್ನಷ್ಟು ಜನ ಗೋಡೆಗುಂಟ ಬಂದು ನಿಂತರು. ಬಣ್ಣದ ನೀರಿನ ಕೋಣೆಯಲ್ಲಿದ್ದವರೂ ಇತ್ತ ಬಂದರು. ಗುಂಡು ಹೋಗುತ್ತಿತ್ತು, ಬರುತ್ತಿತ್ತು. ಮೊಳೆ ರಂಗೋಲಿ ಪುಡಿಯನ್ನು ಕೊರೆಯುವ ಸಣ್ಣ ಸದ್ದು ಕೂಡ ಕೇಳುತ್ತಿತ್ತು. ಮೊದಮೊದಲು ಬೆತ್ತಕ್ಕೂ ಹಾದಿಗೂ ವ್ಯತ್ಯಾಸವೇ ಇರಲಿಲ್ಲ. ಆಮೇಲೆ ತುದಿಯಲ್ಲಿ ಒಂದು ಬೆರಳಿನಷ್ಟು ಅಂತರ. ಹೊತ್ತು ಹೋದಂತೆ ಮತ್ತೊಂದು ಬೆರಳು. ಯಾರೋ ಮೆಲ್ಲಗೆ "ಸರೀತು" ಎಂದರು. ದೊಡ್ಡಪ್ಪ ಮಿಸುಕಲಿಲ್ಲ. ಗಂಟೆಯಷ್ಟು ಹೊತ್ತು ಹಾಗೆಯೇ ಕುಳಿತಿದ್ದರು. ಆ ವೇಳೆಗೆ ಹಾದಿಯ ತುದಿ ಬೆತ್ತದಿಂದ ಬಲಕ್ಕೆ ಸುಮಾರು ಅರ್ಧ ಗೇಣು ಓರೆಯಾಗಿ ಹೋಗಿತ್ತು, ಪುಡಿಯ ದಿಣ್ಣೆ ಅಷ್ಟಗಲಕ್ಕೆ ಕೊರೆದುಹೋಗಿತ್ತು.

"ಯಾರೂ ಮುಟ್ಟಿಲ್ಲ," ಎಂದರು ದೊಡ್ಡಪ್ಪ.

"ಇಲ್ಲ, ದೊಡ್ಡಪ್ಪ."

"ಗಾಳಿ ಇಲ್ಲ."

"ಇಲ್ಲ."

ಅವರು ಬೆತ್ತ ಎತ್ತಿಕೊಂಡು ಎದ್ದರು. "ಹಂಗಾದ್ರ ಸರದದ್ದು ನಾವು."

ನನಗೆ ಕಣ್ಣು ತುಂಬಿ ಬಂತು. ಅಷ್ಟು ವರ್ಷ ಓದಿದ್ದರಲ್ಲಿ ನಾನು ಒಬ್ಬರಿಗೆ ಒಂದು ಸತ್ಯವನ್ನು ಪೂರ್ತಿಯಾಗಿ ದಾಟಿಸಿದ್ದು ಅದೇ ಮೊದಲು. ಅದೂ ನನ್ನ ಮಾತನ್ನು ಯಾವತ್ತೂ ಕಿವಿಗೆ ಹಾಕಿಕೊಳ್ಳದವರಿಗೆ, ಅವರೇ ಹಾಕಿದ ಕರಾರಿನ ಮೇಲೆ. ಕದ ತೆರೆದು ಬೆಳಕೂ ಗಾಳಿಯೂ ಒಳಗೆ ಬಂದಾಗ ಸರ್ ನನ್ನ ಪಕ್ಕಕ್ಕೆ ಬಂದು, "ಛಲೋ ಆತವಾ," ಎಂದರು. ಅವರು ತರಗತಿಯಲ್ಲಿ ಯಾರನ್ನೂ ಹೊಗಳಿದ್ದು ನಾನು ಕೇಳಿರಲಿಲ್ಲ.

ಮಧ್ಯಾಹ್ನ ನಾನು ಅವ್ವನ ಜೊತೆ ಊಟಕ್ಕೆ ಹೋಗಿ ಬರುವಷ್ಟರಲ್ಲಿ ಇನ್ನೊಂದು ನಡೆದಿತ್ತು. ದೊಡ್ಡಪ್ಪ ಊಟಕ್ಕೇ ಹೋಗದೆ ಲೋಲಕದ ಪಕ್ಕ ನಿಂತಿದ್ದರು. ಯಲ್ಲಾಪುರದ ಬಸ್ಸಿಗೆ ಬಂದ ಒಂದು ಗುಂಪಿಗೆ ಬೆತ್ತ ಚಾಚಿ ಚಾಚಿ ವಿವರಿಸುತ್ತಿದ್ದರು. "ಬರ್ರಿ, ಇಲ್ಲಿ ನಿಂದರ್ರಿ. ಇದು ಗಾಳಿಗೆ ಸರಿಯೂದಲ್ಲ. ನಾನು ಕದಾ ಹಾಕಿಸಿ ನೋಡೀನಿ. ನಮ್ಮ ಹುಡುಗಿ ಕಂಡುಹಿಡದಾಳ ಇದನ್ನ."

ನಾನು ನಾಚಿಕೊಂಡು ಹತ್ತಿರ ಹೋದೆ. "ದೊಡ್ಡಪ್ಪ, ಕಂಡುಹಿಡದವರು ಪರದೇಶದವರು. ನೂರು ವರ್ಷದ ಮ್ಯಾಲಾತು."

ಅವರು ಆ ಜನರ ಕಡೆಗೇ ತಿರುಗಿ ಹೇಳಿದರು: "ಇರಲಿ. ಶಿರಸಿಯೊಳಗ ತೋರಿಸಿದಾಕಿ ಇಕಿ."

ಸಂಜೆ ಕಾಲೇಜಿನಿಂದ ಪೇಟೆಗೆ ನಡೆದು ಬರುವಾಗ ಅವ್ವ ನನ್ನ ಕೈ ಹಿಡಿದು ಮೆಲ್ಲಗೆ ಕೇಳಿದಳು: "ಈಗೂ ತಿರುಗಾಕತ್ತೈತೇನು?"

"ಹೌದವ್ವ."

"ಇಷ್ಟು ತಿರುಗಿದ್ರೂ ನಮಗ ತಲಿ ತಿರುಗೂದಿಲ್ಲ ನೋಡು," ಎಂದು ಅವಳು ನಕ್ಕಳು. ಆಮೇಲೆ, ಅದರ ಉತ್ತರ ನನಗೆ ಗೊತ್ತಿರಲೇಬೇಕೆಂಬಂತೆ, "ಯಾಕ?" ಎಂದಳು. ಮಾವನ ಮನೆ ಮುಟ್ಟುವವರೆಗೂ ನಾನು ಹೇಳುತ್ತ ಬಂದೆ. ಓಡುವ ಬಸ್ಸು ಕುಲುಕದಿದ್ದರೆ ಕಣ್ಣು ಮುಚ್ಚಿದವರಿಗೆ ಓಡಿದ್ದೇ ತಿಳಿಯುವುದಿಲ್ಲ ಎಂದೆ. ಅವಳು ಹೂಂಗುಟ್ಟುತ್ತ ಕೇಳಿದಳು. ನಾನು ಅವ್ವನಿಗೆ ಏನನ್ನಾದರೂ ಕಲಿಸಿದ್ದು ಅದೇ ಮೊದಲು.

ಮನೆಯಲ್ಲಿ ಮಾವ ಮದುವೆಯ ಮಾತೆತ್ತಿದರು. ಒಳಗಿನಿಂದ ನಾನು ಕೇಳಿಸಿಕೊಳ್ಳುತ್ತಿದ್ದೆ. ದೊಡ್ಡಪ್ಪ ಎಲೆಗೆ ಸುಣ್ಣ ಸವರುತ್ತ, "ಹಾನಗಲ್ಲಿನವರಿಗೆ ಒಂದು ವರ್ಷ ತಡೀರಿ ಅಂತ ಹೇಳೂಣು. ಹುಡುಗಿ ಪರೀಕ್ಷಾ ಮುಗಸಲಿ," ಎಂದರು.

"ಅವರು ತಡೀದಿದ್ರ?" ಎಂದು ಮಾವ ಕೇಳಿದರು.

"ತಡೀದಿದ್ರ ಅವರ ಹಾದಿ ಅವರಿಗೆ."

ಹಾನಗಲ್ಲಿನವರು ಕಾಯಲಿಲ್ಲ. ಅದಕ್ಕಾಗಿ ನಮ್ಮ ಮನೆಯಲ್ಲಿ ಯಾರೂ ಮುಖ ಸಣ್ಣದು ಮಾಡಿಕೊಳ್ಳಲೂ ಇಲ್ಲ. ಮರುವರ್ಷ ನಾನು ಪಾಸಾದೆ. ಸಿದ್ದಾಪುರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಕೆಲಸ ಸಿಕ್ಕಿತು. ನಾನು ಕೆಲಸಕ್ಕೆ ಸೇರಿದ ಮಳೆಗಾಲದಲ್ಲೇ ದೊಡ್ಡಪ್ಪ ತಮ್ಮ ಕಿರಿಯ ಮಗಳನ್ನು ಕರೆದುಕೊಂಡು ಶಿರಸಿಗೆ ಬಂದರು. ಅವಳ ಟ್ರಂಕನ್ನು ಮಾವನ ಮನೆಯ ಪಡಸಾಲೆಯಲ್ಲಿ ಇಳಿಸಿದರು. ಕಾಲೇಜಿಗೆ ಹೆಸರು ಹಚ್ಚಲು ಜೊತೆಗೆ ಬರಬೇಕೆಂದು ನನಗೆ ಮೊದಲೇ ಹೇಳಿಕಳಿಸಿದ್ದರು. ಯಾವ ವಿಷಯ ಓದಿಸುವುದೆಂದು ನಾನು ಕೇಳಿದೆ.

"ನೀ ಓದಿದ್ದೇ," ಎಂದರು ದೊಡ್ಡಪ್ಪ. "ಮತ್ತ್ಯಾವುದು?"